ಲಾಲ್‌ಬಾಗ್ ಮತ್ತು ಸೀಮೆ ಬದನೆಕಾಯಿ

ನಮ್ಮ ಹೊಸೂರು ಕಡೆ ಸೀಮೆ ಬದನೆಕಾಯಿಗೆ ತಮಿಳಿನವರು ‘ಬೆಂಗಳೂರು ಕತ್ತರಿಕ್ಕಾಯ್’ ಎನ್ನುತ್ತಾರೆ, ತೆಲುಗಿನವರು ‘ಬೆಂಗಳೂರು ವಂಕಾಯ’ ಎನ್ನುತ್ತಾರೆ. ಅದು ಪರದೇಶದ್ದು ಎಂಬುದನ್ನು ನೆನಪಿಟ್ಟುಕೊಂಡು ‘ಸೀಮೆ’ ಎನ್ನುವವರು ಕನ್ನಡದವರಾದ ನಾವೇ! ಮೆಕ್ಸಿಕೊ ಕಡೆಯ ಈ ಬಳ್ಳಿಯನ್ನು ಇಲ್ಲಿ ಹರಡಿದ್ದು ಲಾಲ್‌ಬಾಗ್. 1874ರಿಂದ 1908ರವರೆಗೆ ಅಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್ ಹೊರದೇಶದ ತರಕಾರಿ, ಹಣ್ಣು, ಮರಗಳನ್ನು ತರಿಸಿ, ಈ ನೆಲಕ್ಕೆ ಒಗ್ಗುತ್ತವೆಯೇ ಎಂದು ಬೆಳೆಸಿ ನೋಡುತ್ತಿದ್ದರು.

ಪ್ರವಾಸಕ್ಕೆ ಹೋದಾಗ ನಾವು ಶಿಕ್ಷಕರು ಮಕ್ಕಳಿಗೆ ಇದನ್ನು ಹೇಳುವುದೇ ಇಲ್ಲ. ಗಾಜಿನ ಮನೆ, ಹೂವಿನ ಗಡಿಯಾರ, ಒಂದು ಗ್ರೂಪ್ ಫೋಟೋ... ಅಷ್ಟಕ್ಕೆ ಬಸ್ಸು ಹತ್ತಿಸುತ್ತೇವೆ. 1760ರಲ್ಲಿ ಹೈದರಾಲಿ ಶುರು ಮಾಡಿದ, ಟಿಪ್ಪು ಬೆಳೆಸಿದ ತೋಟ 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ತೋಟ ಒಂದು ದೊಡ್ಡ ಪ್ರಯೋಗಶಾಲೆಯಾಗಿತ್ತು ಎಂಬುದು ಮಕ್ಕಳಿಗೆ ಗೊತ್ತಾಗಬೇಡವೇ?

ಗಾಜಿನ ಮನೆಯನ್ನೇ ತೆಗೆದುಕೊಳ್ಳಿ. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. 1935ರಲ್ಲಿ ಪೂರ್ವದ ಕಡೆ ವಿಸ್ತರಿಸುವಾಗ ಉಕ್ಕು ಬಂದದ್ದು ನಮ್ಮ ಭದ್ರಾವತಿಯಿಂದ! ನಲವತ್ತಾರು ವರ್ಷಗಳಲ್ಲಿ ಮೈಸೂರು ಸಂಸ್ಥಾನ ಎಷ್ಟು ಮುಂದೆ ಬಂದಿತ್ತು ಎಂಬ ಪಾಠ ಒಂದೇ ಸೂರಿನ ಕೆಳಗಿದೆ.

ಕ್ಯಾಮರಾನ್ ನಂತರ ಬಂದವರು ಜರ್ಮನಿಯ ಕ್ರುಂಬಿಗಲ್. ಒಂದು ಜಾತಿಯ ಮರದ ಹೂ ಮುಗಿಯುತ್ತಿದ್ದಂತೆ ಇನ್ನೊಂದು ಬಿಡುವಂತೆ, ವರ್ಷವಿಡೀ ಬೆಂಗಳೂರಿನ ರಸ್ತೆಗಳಲ್ಲಿ ಹೂವಿರಲೆಂದು ಯೋಚಿಸಿ ಮರ ನೆಡಿಸಿದವರು. ಮಹಾಯುದ್ಧ ಬಂದಾಗ ಜರ್ಮನ್ ಎಂಬ ಒಂದೇ ಕಾರಣಕ್ಕೆ ಅವರನ್ನು ಬಂಧನದಲ್ಲಿಟ್ಟರು. ಆದರೂ ಊರು ಬಿಡಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಗಡಿಯಾಚೆ ಹುಟ್ಟಿದವರು ಇನ್ನೊಂದು ನೆಲದವರಾಗುವುದು ಹೇಗೆಂದು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ, ಬಿಡಿ.

ಇನ್ನು ಕೆಂಪೇಗೌಡ ಗೋಪುರ ನಿಂತಿರುವ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ಹಾಕಿದ್ದಾರೆ. ಅದೇ ಬಳಗದ ಕಲ್ಲು ರಾಜ್ಯದ ಗಡಿಯನ್ನು ಲೆಕ್ಕಿಸದೆ ನಮ್ಮ ಹೊಸೂರು ಸೀಮೆಯ ನೆಲದಡಿಯಲ್ಲೂ ಹಬ್ಬಿದೆ. ಮುಂದಿನ ಸಲ ಹೋದಾಗ ಮಕ್ಕಳನ್ನು ಮೊದಲು ಈ ಬಂಡೆಯ ಮೇಲೆ ಕೂರಿಸಿ. ಬುತ್ತಿಯಲ್ಲಿ ಸೀಮೆ ಬದನೆಕಾಯಿ ಪಲ್ಯವಿದ್ದರೆ ಇನ್ನೂ ಒಳ್ಳೆಯದು.