ಸೋಲೊ ಲೆವೆಲಿಂಗ್ (ವರ್ಲ್ಡ್ ಆಫ್ ವಾರ್‌ಕ್ರಾಫ್ಟ್)

ಆನ್‌ಲೈನ್ ಆಟದಲ್ಲಿ ಹೊಸದಾಗಿ ಸೃಷ್ಟಿಸಿದ ಪಾತ್ರವೊಂದನ್ನು ಬೇರೆ ಆಟಗಾರರ ನೆರವಿಲ್ಲದೆ, ಆದಷ್ಟು ಬೇಗ ಕೊನೆಯ ಲೆವೆಲ್‌ಗೆ ಮುಟ್ಟಿಸುವ ಕ್ರಮಕ್ಕೆ ಆಟಗಾರರ ನಡುವೆ ಸೋಲೊ ಲೆವೆಲಿಂಗ್ ಎಂಬ ಹೆಸರಿದೆ. ಇದೇ ಹೆಸರಿನ ಕೊರಿಯನ್ ಕಾದಂಬರಿಗೂ ಅದರ ಅನಿಮೇಷನ್ ಸರಣಿಗೂ ಈ ಲೇಖನಕ್ಕೂ ಸಂಬಂಧವಿಲ್ಲ. ಈ ವಿದ್ಯೆ ಅತಿ ಹೆಚ್ಚು ಬೆಳೆದದ್ದು ಅಮೆರಿಕದ ಬ್ಲಿಝರ್ಡ್ ಎಂಟರ್‌ಟೈನ್‌ಮೆಂಟ್ ಸಂಸ್ಥೆ 2004ರ ನವೆಂಬರ್ 23ರಂದು ಬಿಡುಗಡೆ ಮಾಡಿದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ. 2019ರ ಆಗಸ್ಟ್‌ನಲ್ಲಿ ಆ ಆಟದ ಹಳೆಯ ರೂಪವೇ ಕ್ಲಾಸಿಕ್ ಎಂಬ ಹೆಸರಿನಲ್ಲಿ ಮರಳಿ ಬಂದ ಮೇಲೆ ಇದಕ್ಕೆ ಎರಡನೆಯ ಸುಗ್ಗಿ ಬಂತು. ಕೆಳಗಿನ ಲೆಕ್ಕಗಳು, ಬೇರೆ ಹೇಳದಿದ್ದರೆ, 60 ಲೆವೆಲ್‌ಗಳ ಈ ಹಳೆಯ ರೂಪಕ್ಕೆ ಸಂಬಂಧಿಸಿದವು.

ಹಿನ್ನೆಲೆ

ಲೆವೆಲ್ ಎಂಬ ಕಲ್ಪನೆ 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದಿಂದ ಕಂಪ್ಯೂಟರಿಗೆ ಬಂದದ್ದು. ಮೇಜಿನ ಸುತ್ತ ಕೂತು ಆಡುವ ಆಟದಲ್ಲಿ ಒಂಟಿ ಆಟಗಾರನ ಪ್ರಶ್ನೆಯೇ ಏಳುವುದಿಲ್ಲ. ಆ ಸ್ವಭಾವವನ್ನೇ 1999ರ ಎವರ್‌ಕ್ವೆಸ್ಟ್ ಆಟ ಇಂಟರ್‌ನೆಟ್‌ಗೂ ತಂದಿತು. ಅಲ್ಲಿ ಸತ್ತರೆ ಗಳಿಸಿದ ಅನುಭವದ ಅಂಕಗಳು ಕರಗುತ್ತಿದ್ದವು, ಒಮ್ಮೊಮ್ಮೆ ಇದ್ದ ಲೆವೆಲ್ಲೇ ಕೈಬಿಟ್ಟುಹೋಗುತ್ತಿತ್ತು. ನೆಕ್ರೊಮ್ಯಾನ್ಸರ್, ಡ್ರೂಯಿಡ್‌ನಂಥ ಒಂದೆರಡು ವರ್ಗಗಳನ್ನು ಬಿಟ್ಟರೆ ಉಳಿದವರು ಗುಂಪು ಸೇರುವವರೆಗೆ ಕಾದು ಕೂರಬೇಕಿತ್ತು. ವಾರ್‌ಕ್ರಾಫ್ಟ್ ಈ ಕಟ್ಟನ್ನು ಬಿಚ್ಚಿತು. ಯಾವ ವರ್ಗದ ಪಾತ್ರವಾದರೂ ಮೊದಲಿನಿಂದ ಕೊನೆಯ ಲೆವೆಲ್‌ವರೆಗೆ ಒಬ್ಬರೇ ಹೋಗಬಹುದಾದಂತೆ ಕ್ವೆಸ್ಟ್ ಎಂಬ ಸಾವಿರಾರು ಕೆಲಸಗಳನ್ನು ನಕ್ಷೆಯ ಉದ್ದಕ್ಕೂ ಹರಡಿತು. ಸತ್ತರೆ ಅಂಕ ನಷ್ಟವಿಲ್ಲ. ಸ್ಮಶಾನದಿಂದ ಹೆಣದವರೆಗೆ ದೆವ್ವವಾಗಿ ಓಡಬೇಕು, ಬಟ್ಟೆಬರೆ ಆಯುಧಗಳು ಶೇ. 10ರಷ್ಟು ಸವೆಯುತ್ತವೆ, ಅಷ್ಟೇ. ಓಡಲು ಬೇಜಾರಾದವರು ಸ್ಮಶಾನದ ಆತ್ಮವನ್ನು ಕೇಳಿ ಅಲ್ಲೇ ಎದ್ದರೆ ಸವಕಳಿ ಶೇ. 25ಕ್ಕೆ ಏರುತ್ತದೆ, 20ರ ಮೇಲಿನ ಲೆವೆಲ್‌ನವರಾದರೆ ಹತ್ತು ನಿಮಿಷ ಕಾಲ ಕೈಕಾಲು ಬಿದ್ದುಹೋದಂಥ ಸ್ಥಿತಿ.

ಅಂಕಗಣಿತ

ತನ್ನದೇ ಲೆವೆಲ್‌ನ ಒಂದು ಪ್ರಾಣಿಯನ್ನೋ ರಾಕ್ಷಸನನ್ನೋ ಕೊಂದರೆ ಸಿಗುವ ಅಂಕ: ಪಾತ್ರದ ಲೆವೆಲ್ಲನ್ನು ಐದರಿಂದ ಗುಣಿಸಿ 45 ಕೂಡಿಸಿದಷ್ಟು. ಮೊದಲನೆಯ ಲೆವೆಲ್‌ನಲ್ಲಿ ಅದು 50. ಎರಡನೆಯದಕ್ಕೆ ಏರಲು ಬೇಕಾದದ್ದು 400. ಅಂದರೆ ಆಟದ ಆರಂಭದ ಜಾಗಗಳಲ್ಲೊಂದಾದ ನಾರ್ತ್‌ಶೈರ್ ಮಠದ ಹಿತ್ತಲಿನಲ್ಲಿ ಎಂಟು ತೋಳಗಳನ್ನೋ ಕೋಬಾಲ್ಡ್‌ಗಳನ್ನೋ ಹೊಡೆದರೆ ಮುಗಿಯಿತು. 59ರಿಂದ 60ಕ್ಕೆ ಏರಲು ಬೇಕಾದದ್ದು 2,09,800. ಒಂದು ಬೇಟೆಗೆ ಸಿಗುವುದು 340. ಕ್ವೆಸ್ಟ್ ಮುಟ್ಟದೆ ಬರೀ ಬೇಟೆಯಿಂದಲೇ ಏರುತ್ತೇನೆಂದರೆ 618 ಬೇಟೆ. ಒಂದರಿಂದ ಅರುವತ್ತರವರೆಗೆ ಕೂಡಿಸಿದರೆ 40 ಲಕ್ಷಕ್ಕೂ ಮಿಕ್ಕಿದ ಅಂಕ ಬೇಕು.

ಇಲ್ಲಿ ಹೊಸಬರ ಗಮನ 340ರ ಮೇಲೆ ಹೋಗುತ್ತದೆ. ದೊಡ್ಡ ಶತ್ರುವನ್ನು ಹೊಡೆದರೆ ಹೆಚ್ಚು ಸಿಗುತ್ತದಲ್ಲ ಎಂದು. ಸಿಗುತ್ತದೆ ನಿಜ: ತನಗಿಂತ ಒಂದೊಂದು ಲೆವೆಲ್ ಮೇಲಿನದಕ್ಕೆ ಶೇ. 5 ಹೆಚ್ಚು. ಆದರೆ ಸಮಾನ ಲೆವೆಲ್‌ನ ಶತ್ರುವಿನ ಮೇಲೆ ಶೇ. 4ರಷ್ಟು ಮಂತ್ರಗಳು ವ್ಯರ್ಥವಾದರೆ, ಎರಡು ಲೆವೆಲ್ ಮೇಲಿನವನ ಮೇಲೆ ಶೇ. 6, ಮೂರು ಲೆವೆಲ್ ಮೇಲಿನವನ ಮೇಲೆ ಒಮ್ಮೆಲೇ ಶೇ. 17. ಶೇ. 15 ಲಾಭಕ್ಕಾಗಿ ಇಷ್ಟು ಕಳೆದುಕೊಂಡು, ಮೇಲೆ ಅವನ ಹೆಚ್ಚಿನ ಆಯುಷ್ಯವನ್ನೂ ಹೆಚ್ಚಿನ ಪೆಟ್ಟನ್ನೂ ತಡೆದುಕೊಳ್ಳಬೇಕು. ಬದಲಿಗೆ ಸಮಯದ ಲೆಕ್ಕ ಹಾಕಿ ನೋಡಿ. ಒಂದು ಬೇಟೆಯ ಆರಂಭದಿಂದ ಮುಂದಿನದರ ಆರಂಭಕ್ಕೆ 45 ಸೆಕೆಂಡು ಹಿಡಿದರೆ ಆ 618ಕ್ಕೆ ಏಳೂಮುಕ್ಕಾಲು ಗಂಟೆ ಬೇಕು. 30 ಸೆಕೆಂಡಿಗೆ ಇಳಿಸಿದರೆ ಐದು ಗಂಟೆ ಚಿಲ್ಲರೆ ಸಾಕು. ಆ ಹದಿನೈದು ಸೆಕೆಂಡು ಹೋಗುವುದು ಹೋರಾಟದಲ್ಲಲ್ಲ. ನೀರು ಕುಡಿಯುತ್ತ ಕೂರುವುದರಲ್ಲಿ, ನಡೆಯುವುದರಲ್ಲಿ, ಚೀಲ ತೆರೆದು ಯಾವುದನ್ನು ಎಸೆಯಲಿ ಎಂದು ಯೋಚಿಸುವುದರಲ್ಲಿ. ವೇಗದ ಲೆವೆಲಿಂಗ್‌ನ ಎಲ್ಲ ಉಪಾಯಗಳೂ ಈ ಖಾಲಿ ಹೊತ್ತನ್ನು ಕೊಲ್ಲುವ ಉಪಾಯಗಳೇ. ಆದ್ದರಿಂದ ಅನುಭವಿಗಳು ತಮಗಿಂತ ಒಂದೆರಡು ಲೆವೆಲ್ ಕೆಳಗಿನದನ್ನೇ ಹುಡುಕಿಕೊಂಡು ಹೋಗುತ್ತಾರೆ. ತೀರ ಕೆಳಗೆ ಇಳಿದರೂ ಉಪಯೋಗವಿಲ್ಲ. 20ನೆಯ ಲೆವೆಲ್‌ನವರಿಗೆ 13 ಮತ್ತು ಅದಕ್ಕೂ ಕೆಳಗಿನ ಶತ್ರುಗಳ ಹೆಸರು ಬೂದು ಬಣ್ಣಕ್ಕೆ ತಿರುಗುತ್ತದೆ; ಬೂದು ಹೆಸರಿನವನನ್ನು ಕೊಂದರೆ ಸಿಗುವುದು ಸೊನ್ನೆ.

ಜೊತೆಗೊಬ್ಬರಿದ್ದರೆ ಬೇಟೆಯ ಅಂಕ ಇಬ್ಬರಿಗೂ ಅರ್ಧರ್ಧ ಹಂಚಿಹೋಗುತ್ತದೆ. ಕೊಂದು ಬಾ ಎನ್ನುವ ಕ್ವೆಸ್ಟ್‌ಗಳಲ್ಲಿ ಎಣಿಕೆ ಇಬ್ಬರಿಗೂ ಸೇರುವುದರಿಂದ ನಷ್ಟವಿಲ್ಲ; ಹತ್ತು ಹಲ್ಲು ತಾ, ಎಂಟು ಚರ್ಮ ತಾ ಎನ್ನುವಂಥವುಗಳಲ್ಲಿ ಮಾತ್ರ ಇಬ್ಬರಿಗೂ ಸಾಲುವಷ್ಟು ಹಲ್ಲು ಉದುರುವವರೆಗೆ ಅಲ್ಲೇ ಸುತ್ತಬೇಕು. ಒಂಟಿಯಾಗಿ ಆಡುವವರಿಗೆ ಈ ಕಾಯುವಿಕೆ ಇಲ್ಲ.

ಯಾವ ವರ್ಗ?

ಒಂಟಿಯಾಗಿ ಹೊರಟವರಿಗೆ ಬೇಟೆಗಾರನಷ್ಟು ಅನುಕೂಲದ ವರ್ಗ ಇನ್ನೊಂದಿಲ್ಲ. ಅದರಲ್ಲೂ ಹೊಸಬರು ಬೇರೆ ಕಡೆ ನೋಡಬೇಕಾಗಿಲ್ಲ. ಹತ್ತನೆಯ ಲೆವೆಲ್‌ನಲ್ಲಿ ಒಂದು ಕಾಡುಪ್ರಾಣಿಯನ್ನು ಪಳಗಿಸುವ ವಿದ್ಯೆ ಸಿಗುತ್ತದೆ. ಅಲ್ಲಿಂದ ಮುಂದೆ ಪೆಟ್ಟು ತಿನ್ನುವುದು ಆ ಪ್ರಾಣಿ. ಯಜಮಾನ ದೂರ ನಿಂತು ಬಾಣ ಬಿಡುತ್ತಾನೆ. ಆಯುಷ್ಯ ಕುಗ್ಗುವುದಿಲ್ಲ, ಬಾಣಕ್ಕೆ ಮಾನಾ ಎಂಬ ಮಂತ್ರಶಕ್ತಿ ಬೇಡ, ಕೂತು ಉಣ್ಣುವ ಪ್ರಮೇಯ ಕಡಿಮೆ. ಇಪ್ಪತ್ತರಲ್ಲಿ ಚಿರತೆಯ ಓಟ, ಮೂವತ್ತರಲ್ಲಿ ಸತ್ತಂತೆ ನಟಿಸಿ ಶತ್ರುಗಳಿಂದ ತಪ್ಪಿಸಿಕೊಳ್ಳುವ ಕಲೆ. ಬ್ಯಾಡ್‌ಲ್ಯಾಂಡ್ಸ್ ಎಂಬ ಬೆಂಗಾಡಿನಲ್ಲಿ ಅಪರೂಪಕ್ಕೊಮ್ಮೆ ಕಾಣಿಸಿಕೊಳ್ಳುವ ಬ್ರೋಕನ್ ಟೂತ್ ಎಂಬ ಹುಲಿಜಾತಿಯ ಪ್ರಾಣಿ ಸೆಕೆಂಡಿಗೊಂದು ಪೆಟ್ಟು ಕೊಡುತ್ತದೆ. ಅದು ಬರುವ ಜಾಗಗಳಲ್ಲಿ ಆಟಗಾರರು ಗಂಟೆಗಟ್ಟಲೆ ಹೊಂಚುಹಾಕುವುದುಂಟು. ವೇಗಕ್ಕಾಗಿ ಪ್ರಾಣಿ, ಪ್ರಾಣಿಗಾಗಿ ಗಂಟೆಗಟ್ಟಲೆ ಕಾಯುವುದು. ಈ ವಿರೋಧಾಭಾಸವನ್ನು ಬೇಟೆಗಾರರು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ.

ಮಾಂತ್ರಿಕನ, ಅಂದರೆ ಮೇಜ್‌ನ ದಾರಿ ಬೇರೆ. ಇಪ್ಪತ್ತು ದಾಟಿದ ಮೇಲೆ ಅವನು ಒಂದೊಂದನ್ನೇ ಹೊಡೆಯುವುದನ್ನು ಬಿಟ್ಟು ಹತ್ತಾರನ್ನು ಒಟ್ಟಿಗೆ ಎಳೆಯುತ್ತಾನೆ. ಗುಂಪು ಮೈಮೇಲೆ ಬೀಳುವ ಹೊತ್ತಿಗೆ ಫ್ರಾಸ್ಟ್ ನೋವಾ ಎಂಬ ಮಂತ್ರದಿಂದ ಅಷ್ಟೂ ಕಾಲುಗಳನ್ನು ಹಿಮದಲ್ಲಿ ಹೂಳಿ, ಹಿಂದಕ್ಕೆ ಸರಿದು, ಬ್ಲಿಝರ್ಡ್ ಎಂಬ ಹಿಮಮಳೆ ಸುರಿಸುತ್ತಾನೆ. ಆ ಮಳೆಯಲ್ಲಿ ಸಿಕ್ಕವರ ನಡಿಗೆ ನಿಧಾನವಾಗುವಂಥ ಪ್ರತಿಭೆಯನ್ನು ಮೊದಲೇ ಆರಿಸಿಕೊಂಡಿರಬೇಕು. ಎರಡು ಮಳೆ ಮುಗಿಯುವಷ್ಟರಲ್ಲಿ ಕಾಲ ಬುಡದಲ್ಲಿ ಹೆಣಗಳ ರಾಶಿ. ಗುಂಪಿನಲ್ಲಿ ದೂರದಿಂದ ಮಂತ್ರ ಎಸೆಯುವ ಒಬ್ಬನಿದ್ದರೂ ಲೆಕ್ಕ ತಪ್ಪುತ್ತದೆ. ಅವನು ಓಡಿ ಬರುವುದಿಲ್ಲ, ನಿಂತಲ್ಲಿಂದಲೇ ಹೊಡೆಯುತ್ತಾನೆ. ಇದು ಕೈ ಪಳಗಿದವರ ಆಟ. ಮೊದಲ ಪಾತ್ರಕ್ಕೇ ಇದನ್ನು ಹಿಡಿದವರು ಸ್ಮಶಾನದ ದಾರಿಯನ್ನು ಚೆನ್ನಾಗಿ ಕಲಿಯುತ್ತಾರೆ.

ವಾರ್ಲಾಕ್‌ಗೆ ಹತ್ತರಲ್ಲಿ ವಾಯ್ಡ್‌ವಾಕರ್ ಎಂಬ ಭೂತ ಜೊತೆಯಾಗುತ್ತದೆ, ನಲವತ್ತರಲ್ಲಿ ಪುಕ್ಕಟೆ ಕುದುರೆ ಬರುತ್ತದೆ. ಈ ಪುಕ್ಕಟೆ ಸಣ್ಣ ಮಾತಲ್ಲ. ಉಳಿದ ಬಹುತೇಕರು ನಲವತ್ತರ ಹೊತ್ತಿಗೆ ಸವಾರಿ ಕಲಿಯಲೂ ಪ್ರಾಣಿ ಕೊಳ್ಳಲೂ ಸುಮಾರು 100 ಚಿನ್ನದ ನಾಣ್ಯ ಹೊಂದಿಸಬೇಕು, ಮತ್ತು ಆ ಸವಾರಿ ನಡಿಗೆಯ ವೇಗವನ್ನು ಶೇ. 60 ಹೆಚ್ಚಿಸುತ್ತದೆ. ಪ್ರೀಸ್ಟ್‌ಗೆ ಐದನೆಯ ಲೆವೆಲ್‌ನಲ್ಲೇ ಒಂದು ಮಂತ್ರದಂಡ ಕೊಡಿಸುವುದು ಒಳ್ಳೆಯದು. ಮಾನಾ ಖರ್ಚು ಮಾಡಿದ ಐದು ಸೆಕೆಂಡಿನ ಮೇಲಷ್ಟೇ ಅದು ತಾನಾಗಿ ತುಂಬಿಕೊಳ್ಳಲು ಆರಂಭವಾಗುತ್ತದೆ. ಎರಡು ಮಂತ್ರ ಹಾಕಿ ಉಳಿದದ್ದನ್ನು ದಂಡದಿಂದ ಮುಗಿಸಿದರೆ ಹೋರಾಟ ನಡೆಯುವಾಗಲೇ ಮಾನಾ ತುಂಬುತ್ತಿರುತ್ತದೆ. ಡ್ರೂಯಿಡ್ ಬೆಕ್ಕಾಗಿ ಕೊಂದು, ಮನುಷ್ಯನಾಗಿ ಗಾಯ ವಾಸಿ ಮಾಡಿಕೊಂಡು, ಮೂವತ್ತರ ಮೇಲೆ ಚಿರತೆಯಾಗಿ ಓಡುತ್ತಾನೆ.

ಕೊನೆಯ ಸಾಲಿನಲ್ಲಿ ನಿಲ್ಲುವವನು ವಾರಿಯರ್. ಗಾಯ ಮಾಯಿಸಿಕೊಳ್ಳುವ ಮಂತ್ರವಿಲ್ಲ, ಮುಂದೆ ನಿಂತು ಪೆಟ್ಟು ತಿನ್ನಲು ಪ್ರಾಣಿಯಿಲ್ಲ, ಕೈಯಲ್ಲಿರುವ ಆಯುಧ ಹಳತಾದರೆ ಅವನೂ ಹಳಬನಾದಂತೆ. ಬಟ್ಟೆಯ ಪಟ್ಟಿ ಕಟ್ಟಿಕೊಳ್ಳುವ ಪ್ರಥಮ ಚಿಕಿತ್ಸೆಯನ್ನು ಕಲಿಯದೆ ಅವನ ಬಾಳು ನಡೆಯದು. ಮೂವತ್ತರಲ್ಲಿ ಸಿಗುವ ವರ್ಲ್‌ವಿಂಡ್ ಕೊಡಲಿ ಹತ್ತು ಲೆವೆಲ್‌ವರೆಗೆ ಕೈಹಿಡಿಯುತ್ತದೆ. ಆದರೆ ಅದನ್ನು ಕೊಡುವ ಕ್ವೆಸ್ಟ್‌ನ ಕೊನೆಯ ರಾಕ್ಷಸನನ್ನು ಆ ಲೆವೆಲ್‌ನವನೊಬ್ಬನೇ ಉರುಳಿಸುವುದು ಕಷ್ಟ. ಒಂಟಿ ವಾರಿಯರ್ ಹಠ ಬಿಟ್ಟು ನೆರವು ಕೇಳಬೇಕಾದ ಜಾಗ ಅದೊಂದು.

ದಾರಿ ಹಾಕಿಕೊಳ್ಳುವುದು

ಕ್ವೆಸ್ಟ್ ಪುಸ್ತಕದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಅಂಚೆಯಣ್ಣ ಬೀದಿವಾರು ಕಾಗದ ಜೋಡಿಸಿಕೊಂಡು ಹೊರಡುವಂತೆ, ಒಂದೇ ದಿಕ್ಕಿನ ಕ್ವೆಸ್ಟ್‌ಗಳನ್ನು ಒಟ್ಟುಮಾಡಿ ಒಂದೇ ಸುತ್ತಿನಲ್ಲಿ ಮುಗಿಸಿ ಒಟ್ಟಿಗೇ ಒಪ್ಪಿಸುವುದು ಇದರ ಜೀವಾಳ. ಹೋಗುವ ದಾರಿಯಲ್ಲಿ ಅಡ್ಡ ಬಂದದ್ದನ್ನೆಲ್ಲ ಕೊಲ್ಲುತ್ತ ಹೋಗಬೇಕು. ಬರುವಾಗ ಹರ್ತ್‌ಸ್ಟೋನ್ ಎಂಬ ಕಲ್ಲನ್ನು ಬಳಸಿ ಒಮ್ಮೆಲೇ ಛತ್ರಕ್ಕೆ ಮರಳಬೇಕು. ಆ ಕಲ್ಲು ಗಂಟೆಗೊಮ್ಮೆ ಮಾತ್ರ ಕೆಲಸ ಮಾಡುವುದರಿಂದ ಅದನ್ನು ಯಾವ ಊರಿಗೆ ಕಟ್ಟಿಹಾಕಬೇಕು ಎಂಬುದನ್ನು ಮುಂದಾಗಿಯೇ ಯೋಚಿಸಬೇಕು. ಹೋರ್ಡ್ ಎಂಬ ಪಕ್ಷದ ಬೇಟೆಗಾರನನ್ನು ಆಡುತ್ತಿದ್ದ ಜೊವಾನಾ ಎಂಬ ಹೆಸರಿನ ಆಟಗಾರ ಇಂಥ ದಾರಿಯನ್ನು ಹೆಜ್ಜೆಹೆಜ್ಜೆಗೆ ಬರೆದಿಟ್ಟು, 4 ದಿನ 20 ಗಂಟೆಯ ಆಟದಲ್ಲಿ ಅರುವತ್ತು ಮುಟ್ಟಿ ಹೆಸರಾದ. ಆ ಕಾಲದ ಸಾಮಾನ್ಯ ಆಟಗಾರನಿಗೆ ಇದಕ್ಕೆ ಹಲವು ಪಟ್ಟು ಹೊತ್ತು ಹಿಡಿಯುತ್ತಿತ್ತು. ಕ್ಲಾಸಿಕ್ ಬಂದ ಮೇಲೆ ಕ್ವೆಸ್ಟಿ ಎಂಬ ಆಡ್‌ಆನ್ ಇಂಥ ತಿಳಿವಳಿಕೆಯನ್ನು ನಕ್ಷೆಯ ಮೇಲೆಯೇ ಚುಕ್ಕಿಗಳಾಗಿ ತೋರಿಸತೊಡಗಿತು. ಅದು ಅನುಕೂಲ ಹೌದು. ಕ್ವೆಸ್ಟ್‌ನ ಬರಹ ಓದಿ ಗುಹೆ ಹುಡುಕುವ ಸುಖಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ.

ಬಿಡುಗಡೆಯ ದಿನಗಳಲ್ಲಿ ಯಾವ ಯೋಜನೆಯೂ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಆ ಜನಜಂಗುಳಿಯಲ್ಲಿ ಮೊದಲ ಪೆಟ್ಟು ಹಾಕಿದವನಿಗಷ್ಟೇ ಬೇಟೆ ದಕ್ಕುತ್ತದೆ. 2019ರ ಆಗಸ್ಟ್‌ನಲ್ಲಿ ಕ್ವೆಸ್ಟ್‌ನ ಒಬ್ಬನೇ ಖಳನನ್ನು ಕೊಲ್ಲಲು ಆಟಗಾರರು ತಾವಾಗಿಯೇ ಸಾಲುಗಟ್ಟಿ ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದವು.

ವಿಶ್ರಾಂತಿಯ ಲಾಭ

ಛತ್ರದಲ್ಲೋ ರಾಜಧಾನಿಯಲ್ಲೋ ಪಾತ್ರವನ್ನು ನಿಲ್ಲಿಸಿ ಆಟ ಮುಚ್ಚಿದರೆ ಪ್ರತಿ ಎಂಟು ಗಂಟೆಗೆ ಒಂದು ಲೆವೆಲ್‌ನ ಶೇ. 5ರಷ್ಟು ವಿಶ್ರಾಂತಿ ಜಮೆಯಾಗುತ್ತದೆ. ಗರಿಷ್ಠ ಒಂದೂವರೆ ಲೆವೆಲ್, ಅದಕ್ಕೆ ಹತ್ತು ದಿನ. ಕಾಡಿನಲ್ಲೇ ಬಿಟ್ಟು ಎದ್ದರೆ ಇದರ ಕಾಲುಭಾಗದ ವೇಗ. ಜಮೆಯಿರುವಷ್ಟು ಕಾಲ ಬೇಟೆಯ ಅಂಕ ಇಮ್ಮಡಿ. ಕ್ವೆಸ್ಟ್ ಒಪ್ಪಿಸಿದ್ದಕ್ಕೆ ಇದು ಅನ್ವಯಿಸದು. ಕೆಲಸಕ್ಕೆ ಹೋಗಿ ಬಂದು ರಾತ್ರಿ ಒಂದು ಗಂಟೆ ಆಡುವವರಿಗೆ ಇದರಷ್ಟು ಒದಗುವ ವ್ಯವಸ್ಥೆ ಬೇರೊಂದಿಲ್ಲ. ಎರಡು ಪಾತ್ರಗಳನ್ನು ಸರದಿಯ ಮೇಲೆ ಆಡಿಸುವ ಪದ್ಧತಿ ಹುಟ್ಟಿದ್ದೂ ಇದರಿಂದಲೇ. ಪರೀಕ್ಷೆಯ ಹಂತದಲ್ಲಿ ಈ ನಿಯಮ ತಿರುಗುಮುರುಗಾಗಿತ್ತು: ಹೆಚ್ಚು ಹೊತ್ತು ಆಡಿದರೆ ಅಂಕ ಅರ್ಧಕ್ಕಿಳಿಯುತ್ತಿತ್ತು. ಆಟಗಾರರು ಸಿಡಿದೆದ್ದರು. ಬ್ಲಿಝರ್ಡ್ ದಂಡವನ್ನು ಬೋನಸ್ಸಾಗಿ ತೋರಿಸಿತು, ಗದ್ದಲ ನಿಂತಿತು.

ಸಾವಿಗೆ ಬೆಲೆ ಬಂದಾಗ

2023ರ ಆಗಸ್ಟ್‌ನಲ್ಲಿ ಬ್ಲಿಝರ್ಡ್ ಹಾರ್ಡ್‌ಕೋರ್ ಸರ್ವರ್‌ಗಳನ್ನು ತೆರೆಯಿತು. ಇಲ್ಲಿ ಒಮ್ಮೆ ಸತ್ತ ಪಾತ್ರ ಆಟಕ್ಕೆ ಮರಳುವುದಿಲ್ಲ. ಹರಾಜುಕಟ್ಟೆ, ಬೇರೆಯವರ ಕೊಡುಗೆ ಯಾವುದೂ ಇಲ್ಲದೆ ತನ್ನ ಕೈಗೆ ಸಿಕ್ಕಿದ್ದರಲ್ಲೇ ಬದುಕುವ ಸೆಲ್ಫ್-ಫೌಂಡ್ ವಿಧಾನ 2024ರಲ್ಲಿ ಇದಕ್ಕೆ ಸೇರಿತು. ವೇಗದ ಅರ್ಥ ಇಲ್ಲಿ ಬದಲಾಗುತ್ತದೆ, ಏಕೆಂದರೆ 40ರಲ್ಲಿ ಸತ್ತವನಿಗಿಂತ ನಿಧಾನವಾಗಿ 41 ಮುಟ್ಟಿದವನು ಮುಂದಿದ್ದಾನೆ. ಹೊಸಬರ ಗಂಡಾಂತರಗಳು ಗೊತ್ತಿದ್ದವೇ. ವೆಸ್ಟ್‌ಫಾಲ್‌ನ ಹೊಲಗಳಲ್ಲಿ ಡಿಫಿಯಸ್ ಪಿಲೇಜರ್ ಎಂಬ ಕಳ್ಳರು ದೂರದಿಂದ ಬೆಂಕಿಯುಂಡೆ ಎಸೆಯುತ್ತಾರೆ. ಇಬ್ಬರು ಒಟ್ಟಿಗೆ ಸಿಕ್ಕರೆ ಓಡಲೂ ಹೊತ್ತಿರುವುದಿಲ್ಲ. ನೀರಿನಂಚಿನ ಮರ್ಲಾಕ್‌ಗಳು ಸಾಯುವ ಮೊದಲು ಓಡಿಹೋಗಿ ನೆಂಟರನ್ನು ಕರೆತರುತ್ತವೆ. ಎಲ್ವಿನ್ ಕಾಡಿನ ಫಾರ್ಗೊಡೀಪ್ ಗಣಿಯಂಥ ಜಾಗದಲ್ಲಿ ಒಳಹೋಗುವಾಗ ಕೊಂದ ಕೋಬಾಲ್ಡ್‌ಗಳು ಹೊರಬರುವಷ್ಟರಲ್ಲಿ ಮತ್ತೆ ಹುಟ್ಟಿ ಬೆನ್ನಹಿಂದೆ ನಿಂತಿರುತ್ತವೆ.

ಈಚಿನ ಬದಲಾವಣೆಗಳು

ಕ್ಲಾಸಿಕ್ ಅಲ್ಲದ ಮೂಲ ಆಟ ಕಾಲಕಾಲಕ್ಕೆ ಸಡಿಲವಾಗುತ್ತ ಬಂತು. 2008ರಲ್ಲಿ ಹೊಸ ಪಾತ್ರಕ್ಕೆ ಹಳೆಯ ಪಾತ್ರ ಕಳಿಸಿಕೊಡಬಹುದಾದ, ಅನುಭವದ ಅಂಕ ಹೆಚ್ಚಿಸುವ ಏರ್‌ಲೂಮ್ ಉಡುಪುಗಳು ಬಂದವು. 2018ರ ಜನವರಿಯಿಂದ ಹಳೆಯ ಪ್ರದೇಶಗಳ ಶತ್ರುಗಳೂ ಪಾತ್ರದ ಜೊತೆಗೇ ಲೆವೆಲ್ ಏರತೊಡಗಿದರು. 120ಕ್ಕೆ ಬೆಳೆದಿದ್ದ ಲೆವೆಲ್‌ಗಳನ್ನು 2020ರಲ್ಲಿ 50ಕ್ಕೆ ಕುಗ್ಗಿಸಲಾಯಿತು. ಏರ್‌ಲೂಮ್‌ಗಳ ಅಂಕದ ಲಾಭವೂ ಆಗಲೇ ಹೋಯಿತು. 2024ರಲ್ಲಿ ಕಂಪ್ಯೂಟರ್ ಸಹಚರರೊಡನೆ ಡಂಜನ್‌ಗೆ ಹೋಗುವ ಅನುಕೂಲ, ಬಳಿಕ ಒಬ್ಬರೇ ಆಡಬಹುದಾದ ಡೆಲ್ವ್‌ಗಳು ಸೇರಿದವು. ಒಂಟಿ ಆಟಗಾರನಿಗೆ ಈಗ ಮುಚ್ಚಿದ ಬಾಗಿಲುಗಳು ಕಡಿಮೆ. ಆದರೆ ಪ್ರತಿ ಬೇಟೆಯೂ ಸಲೀಸಾದ ಮೇಲೆ ಮೇಲಿನ ಲೆಕ್ಕಾಚಾರಕ್ಕೆಲ್ಲ ಅಷ್ಟು ಬೆಲೆ ಉಳಿದಿಲ್ಲ.

ಅಡ್ಡದಾರಿ

ಗ್ಲೈಡರ್ ಎಂಬ ತಂತ್ರಾಂಶ ಆಟಗಾರ ನಿದ್ದೆ ಮಾಡುತ್ತಿರುವಾಗಲೂ ಪಾತ್ರವನ್ನು ತಾನೇ ಆಡಿಸಿ ಲೆವೆಲ್ ಏರಿಸುತ್ತಿತ್ತು. ಅದನ್ನು ಮಾರುತ್ತಿದ್ದ ಎಂಡಿವೈ ಇಂಡಸ್ಟ್ರೀಸ್ ಮತ್ತು ಬ್ಲಿಝರ್ಡ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2010ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಆಟದ ಷರತ್ತು ಮುರಿದ ಮಾತ್ರಕ್ಕೆ ಕೃತಿಸ್ವಾಮ್ಯದ ಉಲ್ಲಂಘನೆಯಾಗದು, ಆದರೆ ರಕ್ಷಣಾ ವ್ಯವಸ್ಥೆಯನ್ನು ತಪ್ಪಿಸುವ ಸಾಧನ ಮಾರಿದ್ದು ಕಾನೂನುಬಾಹಿರ ಎಂಬುದು ಅದರ ಸಾರ. ಬೇರೆಯವರಿಗೆ ಹಣ ಕೊಟ್ಟು, ಪಾಸ್‌ವರ್ಡ್ ಒಪ್ಪಿಸಿ ಲೆವೆಲ್ ಏರಿಸಿಕೊಳ್ಳುವುದನ್ನೂ ಆಟದ ನಿಯಮಗಳು ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ಖಾತೆ ರದ್ದಾಗಬಹುದು. 2014ರಲ್ಲಿ ಬ್ಲಿಝರ್ಡ್ ತಾನೇ 60 ಡಾಲರಿಗೆ ಪಾತ್ರವನ್ನು ನೇರವಾಗಿ 90ನೆಯ ಲೆವೆಲ್‌ಗೆ ಏರಿಸಿಕೊಡುವ ಸೇವೆ ಆರಂಭಿಸಿತು. ಎರಡನೆಯ, ಮೂರನೆಯ ಪಾತ್ರ ಕಟ್ಟುವವರಿಗೆ ಅದು ಸಮಯ ಉಳಿಸುವ ಖರೀದಿ. ಮೊದಲ ಬಾರಿಗೆ ಆಡುವವರು ಅದನ್ನು ಕೊಳ್ಳದಿರುವುದೇ ಲೇಸು: ಒಂದೊಂದು ಲೆವೆಲ್‌ಗೆ ಒಂದೊಂದರಂತೆ ಪರಿಚಯವಾಗಬೇಕಿದ್ದ ಹತ್ತಾರು ಗುಂಡಿಗಳು ಒಮ್ಮೆಲೇ ಪರದೆಯ ಮೇಲೆ ಬಂದು ಕೂರುತ್ತವೆ, ಯಾವುದನ್ನು ಯಾವಾಗ ಒತ್ತಬೇಕೆಂದು ಗೊತ್ತಾಗುವುದಿಲ್ಲ.