ಠೇವಣಿ ಹೋಗುತ್ತೆ ಅಂದವರ ಲೆಕ್ಕ, 1989ರ ಕಿತ್ತೂರು

ಚುನಾವಣೆ ಬಂತೆಂದರೆ ನಾವು ವರದಿಗಾರರು ಒಂದು ಸಾಲು ಮೊದಲೇ ರೆಡಿ ಇಟ್ಟುಕೊಂಡಿರುತ್ತೇವೆ: "ಇಬ್ಬರ ನಡುವೆ ನೇರ ಪೈಪೋಟಿ." ಮೂರನೆಯವರ ಹೆಸರು ಕೊನೇ ಪ್ಯಾರಾದಲ್ಲಿ "ಇವರೂ ಕಣದಲ್ಲಿದ್ದಾರೆ" ಅಂತ ಮುಗಿದುಹೋಗುತ್ತದೆ. ಓದಿದವರು ಓಟು ಯಾಕೆ ಹಾಳು ಮಾಡೋದು ಅಂದುಕೊಳ್ಳುತ್ತಾರೆ. ಆ ಸಾಲು ಬರೆಯುವ ಮುಂಚೆ ನಾವು 1989ರ ಕಿತ್ತೂರನ್ನು ನೆನೆಯಬೇಕು.

ಆ ವರ್ಷ ವಿಧಾನಸಭೆಯ 224 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 178 ಬಂದವು. ಅಂಥ ಅಲೆಯಲ್ಲಿ ರೈತ ಸಂಘಕ್ಕೆ ದಕ್ಕಿದ್ದು ಎರಡೇ. ರಾಜ್ಯದ ಲೆಕ್ಕ ಹಿಡಿದರೆ ನೂರಕ್ಕೆ ಒಂದೂ ಇಲ್ಲ. ಆದರೆ ಆ ಎರಡನ್ನೂ ಗೆದ್ದವರು ಒಬ್ಬರೇ, ಬಾಬಾಗೌಡ ಪಾಟೀಲರು. ಒಂದು ಕಿತ್ತೂರು, ಇನ್ನೊಂದು ಧಾರವಾಡ ಗ್ರಾಮಾಂತರ.

ಅಲ್ಲೇ ಯಾಕೆ? 1980ರಲ್ಲಿ ಮಲಪ್ರಭಾ ನೀರಿನ ಕರದ ವಿರುದ್ಧ ರೈತರು ಎದ್ದು, ಗೋಲಿಬಾರ್ ನಡೆದ ನವಲಗುಂದ, ನರಗುಂದ ಈ ಸೀಮೆಯ ಮಗ್ಗುಲಿಗೇ ಇವೆ. ಆಮೇಲೆ ರಾಜ್ಯದಲ್ಲಿ ರೈತ ಸಂಘ ಬೆಳೆಯಿತು. ಸಾಲಕ್ಕೆ ಜಪ್ತಿಯಾದ ಸಾಮಾನನ್ನು ರೈತರೇ ಗುಂಪಾಗಿ ಹೋಗಿ ವಾಪಸ್ ತಂದರು, ಅದಕ್ಕೆ ಮರುಜಪ್ತಿ ಅಂತ ಹೆಸರೂ ಬಿತ್ತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಬಾರದು ಅಂತ ಊರ ಮುಂದೆ ಬೋರ್ಡು ನಿಂತವು. ಇಂಥದ್ದನ್ನೆಲ್ಲ ನಾವು ಪ್ರತಿಭಟನೆ ಸುದ್ದಿ ಅಂತ ಬರೆಯುತ್ತೇವೆ, ಓಟಿನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗೆಲ್ಲಲು ಅರ್ಧ ಓಟು ಬೇಕಿಲ್ಲ ಅನ್ನುವುದೂ ಮರೆತುಹೋಗುತ್ತದೆ. 60 ಸಾವಿರ ಓಟನ್ನು ನಾಲ್ವರು ಹಂಚಿಕೊಂಡರೆ 20 ಸಾವಿರ ದಾಟಿದವರೇ ಗೆಲ್ಲಬಹುದು. ಅದೇ 20 ಸಾವಿರ ಹತ್ತು ಕ್ಷೇತ್ರಕ್ಕೆ ಚೆಲ್ಲಿಹೋದರೆ ಹತ್ತೂ ಕಡೆ ಠೇವಣಿ ಹೋಗುತ್ತದೆ. ಠೇವಣಿ ಉಳಿಯಲು ಬಿದ್ದ ಓಟಿನಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬೇಕಲ್ಲ. ಬೇರೆ ಕಡೆ ಅದೇ ಹಸಿರು ಶಾಲು ಹೊದ್ದು ನಿಂತವರು ಯಾರೂ ಆ ಸಲ ಗೆಲ್ಲಲಿಲ್ಲ.

ಈ ಗೆಲುವು ಬಾಬಾಗೌಡರದ್ದೋ, ಸಂಘದ್ದೋ? ಅದಕ್ಕೂ ಒಂದು ಪರೀಕ್ಷೆ ನಡೆಯಿತು. ಅವರು ಧಾರವಾಡ ಗ್ರಾಮಾಂತರ ಬಿಟ್ಟುಕೊಟ್ಟರು. ಉಪಚುನಾವಣೆಗೆ ನಿಂತವರು ಮೈಸೂರು ಸೀಮೆಯ ಪ್ರೊ. ನಂಜುಂಡಸ್ವಾಮಿ. ಅವರೂ ಗೆದ್ದರು! ಹೊರಗಿನವರು ಅಂತ ಜನ ನೋಡಲಿಲ್ಲ.

1994ರಲ್ಲಿ ಎರಡೂ ಕೈತಪ್ಪಿದವು. ಸಂಘಕ್ಕೆ ಸಿಕ್ಕ ಒಂದೇ ಸ್ಥಾನ ಪಾಂಡವಪುರ, ಪುಟ್ಟಣ್ಣಯ್ಯನವರದು. ಬಾಬಾಗೌಡರು 1998ರಲ್ಲಿ ಬಿಜೆಪಿಯಿಂದ ಬೆಳಗಾವಿ ಲೋಕಸಭೆ ಗೆದ್ದು ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು.

ಈಗ ನಾವು ಮೂರನೆಯವರ ಬಗ್ಗೆ ಬರೆಯುವ ಮುಂಚೆ ಎಷ್ಟು ಕಾರು ಬಂದವು ಅಂತ ಎಣಿಸುವುದಿಲ್ಲ. ಓಟಿಲ್ಲದ ವರ್ಷ ಇವರ ಹಿಂದೆ ಯಾವ್ಯಾವ ಊರಿನವರು ತಹಶೀಲ್ದಾರ್ ಕಚೇರಿಗೆ ಬಂದಿದ್ದರು ಅಂತ ಕೇಳುತ್ತೇವೆ.