ದೀರ್ಘದೂರದ ಓಟ: ಅಭ್ಯಾಸದಲ್ಲಿ ಯಂತ್ರಸಾಧನಗಳು

42.195 ಕಿ.ಮೀ. ಉದ್ದದ ಮ್ಯಾರಥಾನ್ ಮೊದಲಾದ ಓಟಗಳಿಗೆ ದೇಹವನ್ನು ಅಣಿಗೊಳಿಸುವಾಗ ದೂರ, ವೇಗ, ಹೃದಯಸ್ಪಂದನಗಳನ್ನು ಅಳೆಯುವ ಉಪಕರಣಗಳ ಸಮುದಾಯ. ಬಹುಕಾಲ ಓಟಗಾರನಿಗಿದ್ದ ಯಂತ್ರವೆಂದರೆ ಸ್ಟಾಪ್‌ವಾಚ್ ಒಂದೇ. ನಿಸ್ತಂತು ಹೃದಯಸ್ಪಂದನ ಮಾಪಕವು 1980ರ ದಶಕದಲ್ಲಿ ಫಿನ್ಲೆಂಡಿನಿಂದ ಬಂದಿತು. ಅಮೆರಿಕವು ಜಿಪಿಎಸ್ ಉಪಗ್ರಹ ಸಂಕೇತಗಳಲ್ಲಿ ಬುದ್ಧಿಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು 2000ರ ಮೇ ತಿಂಗಳಲ್ಲಿ ನಿಲ್ಲಿಸಿದ ತರುವಾಯ, ದಾರಿಯನ್ನು ಅಳೆಯುವ ಕೈಗಡಿಯಾರ ಜನಸಾಮಾನ್ಯರಿಗೂ ಉಪಯುಕ್ತವಾಯಿತು.

ಕಾಸರಗೋಡು ಜಿಲ್ಲೆಯಂತಹ ಕರಾವಳಿ ಪ್ರದೇಶದಲ್ಲಿ ಈ ಸಾಧನಗಳ ಗುಣವೂ ಮಿತಿಯೂ ಏಕಕಾಲಕ್ಕೆ ಪ್ರಕಟವಾಗುತ್ತವೆ. ಆರ್ದ್ರತೆ ಅತಿಶಯವಾಗಿರುವ ಇಲ್ಲಿನ ಹವೆಯಲ್ಲಿ ಬೆವರು ಸುಲಭವಾಗಿ ಆರದೆ, ದೇಹದ ತಾಪವು ಏರಿ, ಅದನ್ನು ಹೊರಹಾಕಲು ರಕ್ತವು ಚರ್ಮದತ್ತ ಹರಿಯಬೇಕಾಗುವುದರಿಂದ, ವೇಗವು ಕಿಂಚಿತ್ತೂ ಹೆಚ್ಚದಿದ್ದರೂ ಹೃದಯಸ್ಪಂದನವು ಕ್ರಮೇಣ ಏರುತ್ತ ಹೋಗುತ್ತದೆ. ಆದಕಾರಣ ಶೀತದೇಶದವರು ರಚಿಸಿದ ವೇಗಪಟ್ಟಿಯನ್ನು ಇಲ್ಲಿ ಅಕ್ಷರಶಃ ಅನುಸರಿಸುವುದಕ್ಕಿಂತ ಸ್ಪಂದನವನ್ನು ನೋಡಿ ಓಡುವುದೇ ಯುಕ್ತ. ಮಣಿಕಟ್ಟಿನ ಮೇಲೆ ಹಸಿರು ಬೆಳಕು ಬೀರಿ ಲೆಕ್ಕಹಾಕುವ ಗಡಿಯಾರಕ್ಕಿಂತ ಎದೆಗೆ ಕಟ್ಟುವ ಪಟ್ಟಿಯ ಎಣಿಕೆ ಹೆಚ್ಚು ವಿಶ್ವಾಸಾರ್ಹ. ಒತ್ತಾಗಿ ಬೆಳೆದ ಅಡಿಕೆ ತೋಟದ ನೆರಳಿನಲ್ಲಿ ಉಪಗ್ರಹ ಸಂಕೇತವು ಕ್ಷೀಣಿಸಿ, ನೇರ ದಾರಿಯೂ ಗಡಿಯಾರದಲ್ಲಿ ವಕ್ರವಾಗಿ ಮೂಡಬಹುದು. ಬೇಕಲದ ಕೋಟೆಯ ಬಳಿಯ ಮರಳಿನಲ್ಲಿ ದೂರವು ಸರಿಯಾಗಿಯೇ ದಾಖಲಾದೀತು. ಹೆಜ್ಜೆಯೊಂದೊಂದಕ್ಕೂ ಕಾಲು ಹೂತು ಪಡುವ ಶ್ರಮವಾದರೋ ಕಿಲೋಮೀಟರಿನ ಲೆಕ್ಕಕ್ಕೆ ಸಿಗದು. ಪೂರ್ವದ ರಾಣಿಪುರಂ ಬೆಟ್ಟದ ಏರುದಾರಿಗೆ ವಾಯುಭಾರವನ್ನು ಅಳೆದು ಎತ್ತರ ತಿಳಿಸುವ ಗಡಿಯಾರ ಅನುಕೂಲ, ಆದರೆ ಮಳೆಗಾಲದಲ್ಲಿ ಹವೆ ಬದಲಾದಂತೆ ಅದೂ ತಪ್ಪುವುದುಂಟು.